ಸೋಂಕಿನ ಅವಧಿ, ದೂರದ ಅವಧಿ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಪ್ರೌಢಶಾಲೆ, ಪದವಿಪೂರ್ವ ಕಾಲೇಜು ಹಾಗೂ ಹಾಸ್ಟೆಲ್‌ಗಳ ವಿದ್ಯಾರ್ಥಿಗಳಿಗೆ, ಅವರ ಶಿಕ್ಷಕರಿಗೆ, ವಾರ್ಡನ್‌ಗಳಿಗೆ ಬಹಿರಂಗ ಪತ್ರ

ಸೋಂಕು ಎಂಬ ಮಾತಿಗೆ ಹಳಗನ್ನಡದಲ್ಲಿ ಮುಟ್ಟು, ತಾಗು ಎಂದೇ ಅರ್ಥ. ರೋಗಾಣು ಎಂಬುದೊಂದು ಇದೆಯೆಂದು ಗೊತ್ತಾಗುವುದಕ್ಕೆ ಎಷ್ಟೋ ಶತಮಾನ ಮೊದಲೇ ಹುಟ್ಟಿದ ಈ ಮಾತನ್ನು ಇಂದಿನ ವೈದ್ಯಕೀಯವೂ ಇಟ್ಟುಕೊಂಡಿದೆ. ಮಾತಿನ ಜೊತೆ ಹಳೆಯ ಅರ್ಥವೂ ಉಳಿದುಕೊಂಡಿದೆ. ಅಂಟುರೋಗ, ಅಂಟುಜಾಡ್ಯ ಎಂಬ ಮಾತುಗಳ ಕಥೆಯೂ ಅಷ್ಟೇ; ರೋಗ ಅಂಟಿನಂತೆ ಮೈಯಿಂದ ಮೈಗೆ ಹತ್ತುತ್ತದೆ ಎಂಬ ಚಿತ್ರ ಅವುಗಳ ಒಳಗೇ ಇದೆ. ಹೀಗಾಗಿ ಗಾಳಿಯಲ್ಲಿ ಹರಡುವ ಕ್ಷಯವನ್ನು ಜನ ಊಟದ ತಾಟಿನಲ್ಲಿ ಹುಡುಕುತ್ತಾರೆ, ರಕ್ತದ ಮೂಲಕ ಬರುವ ಎಚ್‌ಐವಿಯನ್ನು ಶಾಲೆಯ ಬೆಂಚಿನ ಮೇಲೆ ಹುಡುಕುತ್ತಾರೆ, ಕುಷ್ಠವನ್ನು ಬೆರಳ ತುದಿಯಲ್ಲಿ ಹುಡುಕುತ್ತಾರೆ. ಮುಟ್ಟಿಸಿಕೊಳ್ಳದೆ ಬದುಕುವ ಪಾಠವನ್ನು ಜಾತಿಯಿಂದ ಮೊದಲೇ ಕಲಿತ ಸಮಾಜಕ್ಕೆ ರೋಗಿಯನ್ನು ದೂರ ಇಡಲು ಹೊಸ ಅಭ್ಯಾಸವೇನೂ ಬೇಕಾಗಲಿಲ್ಲ.

ಯಾವ ರೋಗ ಎಷ್ಟು ಹರಡುತ್ತದೆ, ಯಾವ ರೋಗಿಗೆ ಎಷ್ಟು ಹೇಸುತ್ತಾರೆ ಎಂದು ಹೋಲಿಸಿ ನೋಡಿದರೆ ಲೆಕ್ಕ ಬಹುಮಟ್ಟಿಗೆ ತಲೆಕೆಳಗಾಗಿ ಕಾಣುತ್ತದೆ. 2023ರ ಮಳೆಗಾಲದಲ್ಲಿ ಕರ್ನಾಟಕದ ಉದ್ದಗಲಕ್ಕೂ ಕಣ್ಣುಬೇನೆ ಹಬ್ಬಿತ್ತು. ಒಬ್ಬರಿಂದ ಇಡೀ ಹಾಸ್ಟೆಲ್‌ಗೆ ಕೆಲವೇ ದಿನಗಳಲ್ಲಿ ಹರಡಬಲ್ಲ ಕಾಯಿಲೆ ಅದು. ಕಪ್ಪು ಕನ್ನಡಕ ಹಾಕಿಕೊಂಡು ಬಂದವನನ್ನು ಗೆಳೆಯರು ನಕ್ಕು ಮಾತಾಡಿಸಿದರು; ವಾರ ಕಳೆದ ಮೇಲೆ ಯಾರಿಗೂ ಅದರ ನೆನಪಿರಲಿಲ್ಲ. ದಡಾರವಂತೂ ಲಸಿಕೆ ಇಲ್ಲದ ಮಕ್ಕಳ ನಡುವೆ ಒಬ್ಬರಿಂದ 12ರಿಂದ 18 ಮಂದಿಗೆ ಹರಡಬಲ್ಲದು. ಆದರೂ ದಡಾರ ಬಂದುಹೋದ ಮಗುವಿಗೆ ಯಾರೂ ಅಡ್ಡಹೆಸರು ಇಡುವುದಿಲ್ಲ. ಅದೇ ಕುಷ್ಠವನ್ನು ನೋಡಿದರೆ, ನೂರಕ್ಕೆ ತೊಂಬತ್ತೈದರಷ್ಟು ಜನರ ದೇಹ ಅದರ ರೋಗಾಣುವನ್ನು ತಾನಾಗಿಯೇ ಸೋಲಿಸುತ್ತದೆ. ಸಾಂಕ್ರಾಮಿಕ ರೋಗಗಳ ಪೈಕಿ ಅತಿ ಕಷ್ಟದಿಂದ ಹರಡುವ ಈ ರೋಗಕ್ಕೇ ಊರ ಹೊರಗಿನ ವಾಸ ಸಿಕ್ಕಿತು. ಜೊತೆಯಲ್ಲಿ ಕೂತು ಉಂಡರೆ, ಆಡಿದರೆ, ಒಂದೇ ಕೋಣೆಯಲ್ಲಿ ಮಲಗಿದರೆ ಬಾರದ ಎಚ್‌ಐವಿಗೂ ಅದೇ ಗತಿ ಒದಗಿತು.

ಈ ತಲೆಕೆಳಗು ಲೆಕ್ಕಕ್ಕೆ ಕಾರಣ ರೋಗಾಣುವಿನಲ್ಲಿ ಸಿಗದು, ರೋಗದ ಹೊಣೆ ಯಾರ ತಲೆಗೆ ಬೀಳುತ್ತದೆ ಎಂಬುದರಲ್ಲಿ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಸಿಂಧನೂರಿನ ಭತ್ತದ ಸೀಮೆಯಲ್ಲಿ ಮಲೇರಿಯಾ, ಡೆಂಗಿ ಬಂದರೆ ತಪ್ಪು ಸೊಳ್ಳೆಯದು. ರೋಗಿ ಬರೀ ನತದೃಷ್ಟ. ಕ್ಷಯ ಬಂದರೆ ಬೀಡಿ, ಕುಡಿತ, ಬಡತನದ ಮೇಲೆ ಬೆರಳು ತಿರುಗುತ್ತದೆ; ಕುಷ್ಠ ಬಂದರೆ ಹಿಂದಿನ ಜನ್ಮದ ಪಾಪದ ಮೇಲೆ; ಎಚ್‌ಐವಿ ಬಂದರೆ ನಡತೆಯ ಮೇಲೆ. ಆನೆಕಾಲು ರೋಗವನ್ನೂ ಸೊಳ್ಳೆಯೇ ಹರಡುತ್ತದೆ, ರಾಯಚೂರು ಆ ರೋಗ ಕಾಡಿದ ಜಿಲ್ಲೆಗಳಲ್ಲಿ ಒಂದು. ಆದರೆ ಬಾತ ಕಾಲು ಕಣ್ಣಿಗೆ ಬೀಳುವುದರಿಂದ ಅಲ್ಲಿ ಸೊಳ್ಳೆ ಮರೆತುಹೋಗಿ ಮನುಷ್ಯ ಗುರಿಯಾಗುತ್ತಾನೆ. ರೋಗ ತಪ್ಪಿಗೆ ಸಿಕ್ಕ ಶಿಕ್ಷೆ ಎಂಬ ನಂಬಿಕೆ ಈ ಸೀಮೆಯ ಕಥೆಗಳಲ್ಲೂ ಉಂಟು. ಪಕ್ಕದ ಮಾನ್ವಿಯ ಜಗನ್ನಾಥದಾಸರಿಗೆ ವಿಜಯದಾಸರನ್ನು ಅಲಕ್ಷಿಸಿದ್ದಕ್ಕೆ ಹೊಟ್ಟೆಶೂಲೆ ಬಂತೆಂದು ದಾಸ ಪರಂಪರೆ ಹೇಳುತ್ತದೆ. ಕಥೆ ಅಲ್ಲಿಗೇ ಮುಗಿಯುವುದಿಲ್ಲ. ವಿಜಯದಾಸರ ಶಿಷ್ಯರಾದ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷವನ್ನು ಅವರಿಗೆ ಧಾರೆಯೆರೆದರು ಎಂಬುದು ಅದರ ಇನ್ನೊಂದು ಅರ್ಧ. ರೋಗಿಯ ತಪ್ಪು ಎಣಿಸುವ ಬಾಯಿಗೆ ಮೊದಲರ್ಧವೇ ಹೆಚ್ಚು ರೂಢಿ.

ರೋಗಿಯಿಂದ ದೂರ ಇರುವುದೇ ತಪ್ಪು ಎನ್ನಲಾಗದು. ಹಳಬರಿಗೂ ದೂರ ಗೊತ್ತಿತ್ತು. ಮನೆಯಲ್ಲಿ ಮಗುವಿನ ‘ಮೈಮ್ಯಾಲೆ ಅಮ್ಮ ಬಂದಾಳ’ ಎಂದರೆ ಬಾಗಿಲಿಗೆ ಬೇವಿನ ತಪ್ಪಲು ಸಿಗಿಸುತ್ತಿದ್ದರು. ಒಗ್ಗರಣೆ ಹಾಕುತ್ತಿರಲಿಲ್ಲ, ಹೊರಗಿನವರು ಒಳಗೆ ಬರುತ್ತಿರಲಿಲ್ಲ. ಗುಳ್ಳೆ ಒಣಗಿ ಹಕ್ಕಳೆ ಉದುರಿದ ಮೇಲೆ ಬೇವು, ಅರಿಷಿಣದ ನೀರಿನ ಸ್ನಾನ, ಅಮ್ಮನಿಗೆ ಎಡೆ. ಅಲ್ಲಿಗೆ ತಪ್ಪಲು ಇಳಿಯುತ್ತಿತ್ತು, ಮಗು ಮತ್ತೆ ಓಣಿಯ ಮಗುವೇ. ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಹೊಲದ ಗುಡಿಸಲಿಗೆ ಹೋಗಿ ಬೇನೆ ಇಳಿದ ಮೇಲೆ ಮರಳುತ್ತಿತ್ತು. ಆ ದೂರಕ್ಕೆ ಒಂದು ಶುರು, ಒಂದು ಕೊನೆ ಇತ್ತು, ಕೊನೆಯನ್ನು ಎಲ್ಲರಿಗೂ ಕಾಣುವಂತೆ ಸಾರುವ ಒಂದು ಶಾಸ್ತ್ರವೂ ಇತ್ತು. ಸಿಡುಬಿಗೆ ಅಮ್ಮನ ಹೆಸರು ಕೊಟ್ಟಿದ್ದು ಸಿಡುಬನ್ನು ತಡೆಯಲಿಲ್ಲ. ಲಸಿಕೆ ತಡೆಯಿತು, 1980ರಲ್ಲಿ ಜಗತ್ತೇ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಆದರೆ ಮೈಯೆಲ್ಲ ಗುಳ್ಳೆ ಎದ್ದವರನ್ನು ವಾಪಸು ಕರೆದುಕೊಳ್ಳುವ ದಾರಿಯೊಂದು ಆ ಪದ್ಧತಿಯಲ್ಲಿತ್ತು. ಕುಷ್ಠ, ಕ್ಷಯ, ಎಚ್‌ಐವಿಗಳ ವಿಷಯದಲ್ಲಿ ಅಂಥ ಮುಗಿಯುವ ದಿನವೇ ಇಲ್ಲ. ಬಾಗಿಲಿನ ತಪ್ಪಲನ್ನು ಇಳಿಸುವವರಿಲ್ಲ.

ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ ಗುರುತಿಸಿದ್ದು 1873ರಲ್ಲಿ. ಅದು ಬಹಳ ನಿಧಾನವಾಗಿ ಬೆಳೆಯುತ್ತದೆ, ಸೋಂಕಿನಿಂದ ಲಕ್ಷಣದವರೆಗೆ ಸರಾಸರಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ಚಿಕಿತ್ಸೆ ಇಲ್ಲದ ರೋಗಿಯ ಜೊತೆ ದೀರ್ಘಕಾಲ ಒಟ್ಟಿಗೆ ಇದ್ದಾಗ ಮೂಗು, ಬಾಯಿಯ ಹನಿಗಳಿಂದ ಹರಡುತ್ತದೆ, ಕೈ ಕುಲುಕಿದರೆ ಬರುವುದಿಲ್ಲ. ಬಹುಔಷಧ ಚಿಕಿತ್ಸೆ ಭಾರತದಲ್ಲಿ 1983ರ ಹೊತ್ತಿಗೆ ಶುರುವಾಯಿತು. ಮೂರು ಔಷಧ: ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮೈನ್. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ರೋಗದ ಪ್ರಮಾಣ ನೋಡಿ ಆರು ತಿಂಗಳು ಇಲ್ಲವೆ ಒಂದು ವರ್ಷ ನುಂಗಬೇಕು. ರಿಫಾಂಪಿಸಿನ್‌ನ ಮೊದಲ ಗುಳಿಗೆಯೇ ದೇಹದಲ್ಲಿರುವ ರೋಗಾಣುಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕೊಲ್ಲುವುದರಿಂದ ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಬೇರೆಯವರಿಗೆ ಅಪಾಯ ಉಳಿಯುವುದಿಲ್ಲ. ಉಳಿಯುವುದು ತಡವಾಗಿ ಚಿಕಿತ್ಸೆಗೆ ಬಂದವರ ಮಡಿಚಿದ ಬೆರಳು, ಸ್ಪರ್ಶ ಕಳೆದ ಪಾದದ ಹುಣ್ಣು. ಅವು ನರ ಸತ್ತಿದ್ದರ ಗುರುತು. ಅವುಗಳಲ್ಲಿ ಸೋಂಕು ಹುಡುಕುವುದು ಸುಟ್ಟ ಗಾಯದ ಕಲೆಯಲ್ಲಿ ಬೆಂಕಿ ಹುಡುಕಿದಂತೆ.

ಕಾನೂನಿಗೂ ಆ ದೂರವನ್ನು ಮುಗಿಸಲು ಬಹುಕಾಲ ಹಿಡಿಯಿತು. 1898ರ ಕುಷ್ಠರೋಗಿಗಳ ಕಾಯ್ದೆಯಲ್ಲಿ ಬಡ ರೋಗಿಗಳನ್ನು ಹಿಡಿದು ಆಶ್ರಯಧಾಮಗಳಲ್ಲಿ ಇಡುವ ಅಧಿಕಾರವಿತ್ತು. ಔಷಧ ಸಿಕ್ಕು ಮೂವತ್ತು ವರ್ಷ ದಾಟಿದ ಮೇಲೆ, 2016ರಲ್ಲಿ, ಸಂಸತ್ತು ಅದನ್ನು ರದ್ದು ಮಾಡಿತು. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ವೈಯಕ್ತಿಕ ಕಾನೂನುಗಳಿಂದ ಆ ಮಾತು ತೆಗೆದದ್ದು 2019ರಲ್ಲಿ. ನಡುವೆ 2018ರಲ್ಲಿ ಸುಪ್ರೀಂ ಕೋರ್ಟ್, ಪಂಕಜ್ ಸಿನ್ಹಾ ಪ್ರಕರಣದಲ್ಲಿ, ಶಾಲೆಯ ಪಾಠಗಳಲ್ಲಿ ಕುಷ್ಠದ ಬಗ್ಗೆ ಸರಿಯಾದ ಮಾಹಿತಿ ಸೇರಿಸುವ ಸಾಧ್ಯತೆ ನೋಡಬೇಕೆಂದು ಸರ್ಕಾರಗಳಿಗೆ ಹೇಳಿತು. ಶಾಸನಸಭೆಗೇ ಇಷ್ಟು ವರ್ಷ ಬೇಕಾದ ವಿಷಯಕ್ಕೆ ಒಂಬತ್ತನೇ ತರಗತಿಯ ಹುಡುಗರನ್ನು ಮಾತ್ರ ದೂರುವುದು ನ್ಯಾಯವಲ್ಲ.

ತರಗತಿಯಲ್ಲಿ ಕುಷ್ಠದ ಹೆಸರು ಏಳುವುದು ಹೆಚ್ಚಾಗಿ ಮುಖದ ಬಿಳಿ ಮಚ್ಚೆಯಿಂದ. ಅಂಥ ಮಚ್ಚೆಗಳಲ್ಲಿ ಬಹುಪಾಲು ಚಿಬ್ಬು, ಒಣ ಚರ್ಮ ಅಥವಾ ತೊನ್ನು. ತೊನ್ನು ಚರ್ಮದ ಬಣ್ಣ ಹೋಗುವ ತೊಂದರೆ, ಅದಕ್ಕೆ ರೋಗಾಣುವೇ ಇಲ್ಲ, ಅದು ಯಾರಿಗೂ ಹರಡದು. ಕುಷ್ಠದ ಮಚ್ಚೆಯ ಗುರುತು ಬೇರೆ: ತಿಳಿಬಣ್ಣ ಅಥವಾ ಕೆಂಪು, ತುರಿಕೆ ಇಲ್ಲ, ಮುಟ್ಟಿದ್ದು, ಬಿಸಿ ತಗಲಿದ್ದು ಗೊತ್ತಾಗುವುದಿಲ್ಲ. ಶಾಲೆಗೆ ಬರುವ ಆರೋಗ್ಯ ತಪಾಸಣೆಯ ತಂಡಕ್ಕೆ ಅದನ್ನು ಬೇರೆಯಾಗಿ ಕರೆದು ತೋರಿಸಬೇಕು. ಸಾಲಾಗಿ ನಿಲ್ಲಿಸಿ ಎಲ್ಲರ ಎದುರು ಅಂಗಿ ಬಿಚ್ಚಿಸಿದರೆ ಮುಂದಿನ ವರ್ಷ ಮಚ್ಚೆ ಇರುವ ಮಗು ಆ ದಿನ ಶಾಲೆಗೇ ಬರುವುದಿಲ್ಲ. ಮಗುವಿನಲ್ಲಿ ಕುಷ್ಠ ಕಂಡರೆ, ಸುತ್ತಮುತ್ತ ಎಲ್ಲೋ ಒಬ್ಬ ದೊಡ್ಡವರು ಚಿಕಿತ್ಸೆ ಇಲ್ಲದೆ ಉಳಿದಿದ್ದಾರೆ ಎಂದರ್ಥ. ಮಗುವನ್ನು ಹೊರಗೆ ಕಳಿಸಿದರೆ ಆ ದೊಡ್ಡವರನ್ನು ಹುಡುಕುವ ದಾರಿ ಮುಚ್ಚಿದಂತೆ.

ಕ್ಷಯದ ಮಾತು ಈ ಮೂರು ತಾಲ್ಲೂಕುಗಳಿಗೆ ಇನ್ನೂ ಹತ್ತಿರದ್ದು. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ಭಾರತದವರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ, ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳಿವೆ, ಗುಡ್ಡದ ಕಲ್ಲು ಒಡೆಯುವ ಕೆಲಸವಿದೆ. ಕಲ್ಲಿನ ಸಿಲಿಕಾ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಬರುವ ಸಿಲಿಕೋಸಿಸ್ ಅಂಟುವುದಿಲ್ಲ, ಆದರೆ ಅದು ಇದ್ದವರಿಗೆ ಕ್ಷಯ ಹಿಡಿಯುವ ಸಂಭವ ಹಲವು ಪಟ್ಟು ಹೆಚ್ಚು. ಹೊಟ್ಟು, ಧೂಳಿನ ಕೆಮ್ಮು ಮತ್ತೊಂದು. ಅಪ್ಪ ಕೆಮ್ಮುತ್ತಾನೆ ಎಂಬುದರಿಂದ ಮಗಳ ಬೆಂಚು ಖಾಲಿಯಾಗುವ ಊರಿನಲ್ಲಿ ಈ ಮೂರು ಕೆಮ್ಮುಗಳಲ್ಲಿ ಕ್ಷಯದ್ದು ಯಾವುದು ಎಂಬುದನ್ನು ಕಫ ಪರೀಕ್ಷೆ ಹೇಳಬಲ್ಲದು. ಎರಡು ವಾರ ಮೀರಿದ ಕೆಮ್ಮಿಗೆ ಆ ಪರೀಕ್ಷೆ ಉಚಿತ.

ಕ್ಷಯ ಹರಡುವುದು ಶ್ವಾಸಕೋಶದ ಕ್ಷಯ ಇದ್ದವರು ಕೆಮ್ಮಿದಾಗ, ಅದೂ ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ಜೊತೆಗಿದ್ದವರಿಗೆ. ತಾಟು, ಲೋಟ, ಹಾಸಿಗೆ, ಬಟ್ಟೆಯಿಂದ ಹರಡದು. ಕುತ್ತಿಗೆಯ ಗಂಟಿನ ಕ್ಷಯ, ಅಂದರೆ ಹಳಬರು ಗಂಡಮಾಲೆ ಎನ್ನುತ್ತಿದ್ದದ್ದು, ಎಲುಬಿನ ಕ್ಷಯ, ಹೊಟ್ಟೆಯ ಕ್ಷಯ ಇವು ಯಾರಿಗೂ ಹರಡುವುದಿಲ್ಲ. ಸಣ್ಣ ಮಕ್ಕಳ ಕ್ಷಯವೂ ಸಾಮಾನ್ಯವಾಗಿ ಹರಡದು, ಅವರ ಕೆಮ್ಮಿಗೆ ಅಷ್ಟು ಬಲವಿಲ್ಲ, ಕಫದಲ್ಲಿ ಅಷ್ಟು ರೋಗಾಣು ಇರುವುದಿಲ್ಲ. ಹದಿಹರೆಯದವರಲ್ಲಿ ಅದು ದೊಡ್ಡವರ ಕ್ಷಯದಂತೆಯೇ ಇರಬಹುದು. ಸರಿಯಾದ ಔಷಧ ಶುರುವಾಗಿ ಸುಮಾರು ಎರಡು ವಾರವಾದ ಮೇಲೆ ಹರಡುವ ಶಕ್ತಿ ಬಹುಮಟ್ಟಿಗೆ ಇಳಿಯುತ್ತದೆ. ಚಿಕಿತ್ಸೆ ಮಾತ್ರ ಸಾಮಾನ್ಯವಾಗಿ ಆರು ತಿಂಗಳದ್ದು. ಗೊಂದಲ ಹುಟ್ಟುವುದೇ ಇಲ್ಲಿ. ಗುಳಿಗೆ ನುಂಗುತ್ತಿದ್ದಾನೆ ಎಂದರೆ ಇನ್ನೂ ಅಂಟುತ್ತದೆ ಎಂದು ಗೆಳೆಯರು ಲೆಕ್ಕ ಹಾಕುತ್ತಾರೆ. ಗುಳಿಗೆ ನುಂಗುತ್ತಿರುವುದರಿಂದಲೇ ಅಂಟುವುದಿಲ್ಲ ಎಂಬುದು ನಿಜ.

ಇದು ಊಹೆಯ ಮಾತಲ್ಲ. 1956ರಿಂದ ಮದ್ರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದಲ್ಲಿ ಬಡ ರೋಗಿಗಳನ್ನು ಎರಡು ಗುಂಪು ಮಾಡಿ ಒಂದನ್ನು ಆರೋಗ್ಯಧಾಮದಲ್ಲಿ, ಇನ್ನೊಂದನ್ನು ಅವರವರ ಇಕ್ಕಟ್ಟು ಮನೆಗಳಲ್ಲೇ ಇರಿಸಿ ಒಂದೇ ಔಷಧ ಕೊಟ್ಟರು. ಆರೋಗ್ಯಧಾಮದವರಿಗೆ ಒಳ್ಳೆಯ ಊಟ, ವಿಶ್ರಾಂತಿ ಇತ್ತು. ಮನೆಯವರಿಗೆ ಎರಡೂ ಕಡಿಮೆ. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗುಣವಾಗುವುದರಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಮನೆಯಲ್ಲೇ ಚಿಕಿತ್ಸೆ ಪಡೆದವರ ಮನೆಮಂದಿಗೆ ಹೆಚ್ಚು ಕ್ಷಯ ತಗಲಲೂ ಇಲ್ಲ. ಕ್ಷಯರೋಗಿಯನ್ನು ಊರು ಬಿಡಿಸಬೇಕು ಎಂಬ ವಾದ ವೈದ್ಯಕೀಯದಲ್ಲಿ ಅಲ್ಲಿಗೆ ಮುಗಿಯಿತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಹುಟ್ಟಿದ್ದೂ 1959ರಲ್ಲೇ. ಅಲ್ಲಿನ ದೇಬಬರ್ ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಪೂರ್ವಗ್ರಹವನ್ನು ಮುರಿಯಿತು. ಕ್ಷಯವಿದ್ದ ಹಳ್ಳಿಗರಲ್ಲಿ ಬಹುತೇಕರಿಗೆ ತಮ್ಮ ಲಕ್ಷಣದ ಅರಿವಿತ್ತು, ಸುಮಾರು ಅರ್ಧದಷ್ಟು ಜನ ಆಗಲೇ ಪರಿಹಾರ ಹುಡುಕಿಕೊಂಡು ಹೊರಟಿದ್ದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣದಲ್ಲಿ ಹೇಳುವುದು ಸುಲಭ. ರೋಗಿ ಬಾಗಿಲಿಗೆ ಬಂದಾಗ ಒಳಗಿದ್ದವರು ಏನು ಮಾಡಿದರು ಎಂಬುದು ಕಷ್ಟದ ಪ್ರಶ್ನೆ.

ಎಚ್‌ಐವಿಯ ವಿಷಯದಲ್ಲಿ ಶಾಲೆಗೆ ಅವಧಿಯ ಪ್ರಶ್ನೆಯೇ ಇಲ್ಲ. ತರಗತಿಯಲ್ಲಿ, ಬಿಸಿಯೂಟದ ಸಾಲಿನಲ್ಲಿ, ಆಟದ ಬಯಲಿನಲ್ಲಿ ಅದು ಹರಡುವ ದಾರಿಯೇ ಇಲ್ಲದಿರುವಾಗ ದೂರ ಇಡಲು ಒಂದು ದಿನದ ಕಾರಣವೂ ಸಿಗದು. ಯಾರಿಗೇ ಆದರೂ ಗಾಯವಾಗಿ ರಕ್ತ ಬಂದರೆ ಕೈಗವಸು ಹಾಕಿ ಒರೆಸಬೇಕು. ಅದು ಎಲ್ಲ ಮಕ್ಕಳಿಗೂ ಒಂದೇ ನಿಯಮ. ಎಚ್‌ಐವಿ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬಂದಿರುವುದು ಹುಟ್ಟಿನ ಹೊತ್ತಿಗೆ, ತಾಯಿಯಿಂದ. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆಯಿಂದ ಅವರು ಎಲ್ಲರಂತೆ ಓದಿ ಬೆಳೆಯುತ್ತಿದ್ದಾರೆ. ಆದರೂ 2014ರಲ್ಲಿ ಗೋವಾದ ರಿವೋಣದಲ್ಲಿ, ಎಚ್‌ಐವಿ ಇದೆಯೆಂಬ ಗುಮಾನಿಯ ಮೇಲೆ, ಅನಾಥಾಲಯವೊಂದರ 13 ಮಕ್ಕಳು ಪಾಲಕರ ಒತ್ತಾಯದಿಂದ ಶಾಲೆ ಬಿಡಬೇಕಾಯಿತು. ರಾಯಚೂರು ಸೀಮೆಯಲ್ಲಿ ಈ ಗುಮಾನಿಗೆ ಮತ್ತೊಂದು ಹೊರೆ ಸೇರುತ್ತದೆ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿದ್ದರೂ ಆ ತಾಯಂದಿರ ಮಕ್ಕಳು ಹಾಜರಿ ಪುಸ್ತಕದ ತಂದೆಯ ಹೆಸರಿನ ಜಾಗದಿಂದಲೇ ಗುರುತಾಗುತ್ತಾರೆ, ರೋಗವಿರಲಿ ಇಲ್ಲದಿರಲಿ ರೋಗದ ಹೆಸರು ಅವರನ್ನು ಹಿಂಬಾಲಿಸುತ್ತದೆ.

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಶಾಲೆ, ಕಾಲೇಜುಗಳಲ್ಲಿ ಪ್ರವೇಶ ನಿರಾಕರಿಸುವುದನ್ನೂ ಬೇರೆ ಕೂರಿಸುವುದನ್ನೂ ತಡೆಯುತ್ತದೆ. ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಷರತ್ತು ಹಾಕುವಂತಿಲ್ಲ. ಎಚ್‌ಐವಿ ಇದ್ದವರ ವಿರುದ್ಧ ದ್ವೇಷ ಹಬ್ಬಿಸಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಕಾಯ್ದೆಯಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಕಲಮು ಇದೆ. ಎಚ್‌ಐವಿ ಬಾಧಿತ, ತಂದೆತಾಯಿಗೆ ಹೊಣೆ ಹೊರಲಾಗದ ಮನೆಯಲ್ಲಿ 12ರಿಂದ 18 ವರ್ಷದೊಳಗಿನ, ಮನೆ ನಡೆಸುವಷ್ಟು ಬಲಿತ ಅಣ್ಣನೋ ಅಕ್ಕನೋ ತಮ್ಮ, ತಂಗಿಯನ್ನು ಶಾಲೆಗೆ ಸೇರಿಸಲು ಪೋಷಕರಾಗಿ ಸಹಿ ಮಾಡಬಹುದು. ಇದನ್ನು ಬರೆದವರಿಗೆ ಅಂಥ ಮನೆಗಳು ಗೊತ್ತಿದ್ದವು.

ಇಂದು ಹೈಸ್ಕೂಲು, ಕಾಲೇಜಿನಲ್ಲಿರುವವರು ದೂರದ ಪಾಠ ಕಲಿತದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ. ಹೊರಗಿನಿಂದ ಬಂದವರ ಕೈ ಮೇಲೆ ಆಗ ಒತ್ತುತ್ತಿದ್ದ ಮುದ್ರೆಯಲ್ಲಿ ಪ್ರತ್ಯೇಕ ವಾಸ ಮುಗಿಯುವ ತಾರೀಖು ಇರುತ್ತಿತ್ತು. ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗಿ ಮರಳಿದ ಕುಟುಂಬಗಳು ಊರಿನ ಶಾಲೆ, ಹಾಸ್ಟೆಲ್‌ಗಳಲ್ಲೇ ದಿನ ಕಳೆದು ಹೊರಬಂದವು. ಕೈಮೇಲಿನ ಶಾಯಿ ಅಳಿಸಿತು, ತಾರೀಖು ದಾಟಿತು, ಓಣಿಯ ನೋಟ ಮಾತ್ರ ಬಹಳ ದಿನ ಅದೇ ಉಳಿಯಿತು.

ವಿದ್ಯಾರ್ಥಿಗಳ ನಡುವೆ ಈ ದೂರ ಕೆಲಸ ಮಾಡುವ ಬಗೆ ದೊಡ್ಡವರದಕ್ಕಿಂತ ಬೇರೆ. ದೊಡ್ಡವರು ಮಾತು ಬಿಡುತ್ತಾರೆ, ಮಕ್ಕಳು ಹೆಸರಿಡುತ್ತಾರೆ. ‘ಅಕಿ ಬಾಜೂಕ ಕುಂದ್ರಬ್ಯಾಡ, ಟಿಬಿ ಐತಂತ’ ಎಂಬ ಪಿಸುಮಾತು ಮಧ್ಯಾಹ್ನದೊಳಗೆ ವಾಟ್ಸ್‌ಆ್ಯಪ್ ಗುಂಪು ಮುಟ್ಟುತ್ತದೆ. ಮೊದಲು ಕಾಣುವುದು ಊಟದ ಹೊತ್ತಿನಲ್ಲಿ. ಕರ್ನಾಟಕದಲ್ಲಿ ಬಿಸಿಯೂಟ 2002ರಲ್ಲಿ ಮೊದಲು ಬಂದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಇತ್ತು. ಒಂದೇ ಸಾಲಿನಲ್ಲಿ ಕೂತು ಉಣ್ಣುವ ಆ ಹೊತ್ತಿನಲ್ಲಿ ಸಾಲು ಎಲ್ಲಿ ತುಂಡಾಗುತ್ತದೆ ಎಂದು ನೋಡಿದರೆ ಸಾಕು, ಬೇರೆ ಸಮೀಕ್ಷೆ ಬೇಡ. ಹಾಸ್ಟೆಲ್‌ನಲ್ಲಿ ಪರಿಣಾಮ ಇನ್ನೂ ತೀವ್ರ. ಗುಳಿಗೆಯ ಪಟ್ಟಿಯನ್ನು ಟ್ರಂಕಿನ ತಳದಲ್ಲಿ ಬಚ್ಚಿಡುವ ಹುಡುಗ ರೂಮಿನಲ್ಲಿ ಯಾರೂ ಇಲ್ಲದ ಹೊತ್ತಿಗೆ ಕಾಯುತ್ತಾನೆ. ಕಾದು ಕಾದು ಒಂದು ದಿನ ತಪ್ಪಿಸುತ್ತಾನೆ, ಆಮೇಲೆ ಒಂದು ವಾರ. ಅರ್ಧಕ್ಕೆ ಬಿಟ್ಟ ಕ್ಷಯದ ಔಷಧದಿಂದ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟುತ್ತದೆ, ಅದು ನಿಜವಾಗಿಯೂ ಹರಡುತ್ತದೆ. ತಂದೆತಾಯಿ ಗುಳೆ ಹೋಗಿರುವ ಮಗುವಿಗಂತೂ ಕೇಳುವವರೇ ಇಲ್ಲ. ರೂಮಿನವರ ಅಂಜಿಕೆ ರೂಮಿನವರಿಗೇ ಅಪಾಯ ತರುವುದು ಹೀಗೆ.

ಶಾಲೆಗೆ ಬೇಕಾದದ್ದು ದಿನಗಳ ಲೆಕ್ಕ. ಸಿತಾಳೆ ಸಿಡುಬಿಗೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ, ದಡಾರಕ್ಕೆ ಮೈಮೇಲೆ ದದ್ದು ಎದ್ದ ಮೇಲೆ ನಾಲ್ಕು ದಿನ, ಮಂಗನಬಾವಿಗೆ ಬಾವು ಬಂದು ಐದು ದಿನ, ಕಣ್ಣುಬೇನೆಗೆ ಪಿಚ್ಚು ನಿಲ್ಲುವವರೆಗೆ ಮಗು ಮನೆಯಲ್ಲಿರಬೇಕು. ಹಾಸ್ಟೆಲ್‌ನ ಕಜ್ಜಿ ಈ ಪಟ್ಟಿಯಲ್ಲಿ ಮುಟ್ಟಿದರೆ ಹತ್ತುವಂಥದ್ದು. ಮುಲಾಮು ಹಚ್ಚಿದ ಮರುದಿನ ಮಗು ತರಗತಿಗೆ ಬರಬಹುದು, ಆದರೆ ರೂಮಿನ ಎಲ್ಲರೂ ಒಂದೇ ದಿನ ಹಚ್ಚಿಕೊಂಡು, ಹೊದಿಕೆ, ಬಟ್ಟೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಬ್ಬನನ್ನೇ ಮೂಲೆಗೆ ಮಲಗಿಸಿದರೆ ಕಜ್ಜಿ ಹೋಗುವುದಿಲ್ಲ. ಶ್ವಾಸಕೋಶದ ಕ್ಷಯಕ್ಕೆ ವೈದ್ಯರು ಹೇಳುವವರೆಗೆ, ಸಾಮಾನ್ಯವಾಗಿ ಎರಡು ವಾರ. ಆ ಹೊತ್ತಿಗೆ ಜೊತೆಯಲ್ಲಿದ್ದವರ ತಪಾಸಣೆ ಆಗಬೇಕು, ಬೇಕಾದವರಿಗೆ ಕ್ಷಯ ತಡೆಯುವ ಗುಳಿಗೆ ಸಿಗುತ್ತದೆ, ಕಿಟಕಿ ತೆರೆದಿರಬೇಕು. ಕುಷ್ಠಕ್ಕೆ ಚಿಕಿತ್ಸೆ ಶುರುವಾದರೆ ಸಾಕು. ತೊನ್ನು, ಆನೆಕಾಲು, ಎಚ್‌ಐವಿಗೆ ಒಂದು ದಿನವೂ ಬೇಡ.

ಈ ಲೆಕ್ಕ ನಡೆಯಬೇಕಾದರೆ ರೋಗದ ಹೆಸರು ಬೇಕಾದವರಿಗೆ ಮಾತ್ರ ಗೊತ್ತಿರಬೇಕು: ಮಗು, ಮನೆಯವರು, ಚಿಕಿತ್ಸೆ ಕೊಡುವವರು, ಮನೆಯವರು ಒಪ್ಪಿದರೆ ಒಬ್ಬ ಶಿಕ್ಷಕ. ಗುಟ್ಟು ಒಡೆಯುವುದು ಕೆಟ್ಟ ಮನಸ್ಸಿನಿಂದಲೇ ಅಲ್ಲ, ಕನಿಕರದಿಂದಲೂ ಒಡೆಯುತ್ತದೆ. ‘ಪಾಪ, ಇವನಿಗೆ ಹಿಂಗಾಗೇತಿ, ಎಲ್ಲಾರೂ ಸಹಾಯ ಮಾಡ್ರಿ’ ಎಂದು ತರಗತಿಯಲ್ಲಿ ಚಂದಾ ಎತ್ತುವ ಮೇಷ್ಟ್ರು ಒಳ್ಳೆಯವರೇ, ಆದರೆ ಆ ಹುಡುಗನಿಗೆ ಮುಂದಿನ ಮೂರು ವರ್ಷದ ಹೆಸರಿಟ್ಟವರೂ ಅವರೇ. ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1000 ರೂಪಾಯಿ ಖಾತೆಗೆ ಹಾಕುತ್ತದೆ. ಅದು ಸದ್ದಿಲ್ಲದೆ ಸೇರುತ್ತದೆ. ದಾನಿಗಳ ಆಹಾರದ ಕಿಟ್ ಹಾಗಲ್ಲ. ಹಾರ ತುರಾಯಿಯ ನಡುವೆ ರೋಗಿಯ ಮುಖ ಫೋಟೊದಲ್ಲಿ ಬಂದು ಊರ ಗುಂಪುಗಳನ್ನೆಲ್ಲ ಸುತ್ತುತ್ತದೆ. ಕಿಟ್ ಮನೆಗೆ ಮುಟ್ಟಿಸಿದರೆ ಬೇಳೆಯ ರುಚಿ ಕಡಿಮೆಯಾಗದು. ಸಂಶಯವಿದ್ದ ವಿದ್ಯಾರ್ಥಿ ಯಾರನ್ನೂ ಕೇಳಲಾಗದೆ ಉಳಿಯಬೇಕಿಲ್ಲ. ಎಚ್‌ಐವಿಗೆ 1097, ಕ್ಷಯಕ್ಕೆ 1800-11-6666 ಉಚಿತ ಸಹಾಯವಾಣಿಗಳಿವೆ.

ಹಾಜರಾತಿಯ ಮಾತು ಉಳಿದಿದೆ. ಕಾಯಿಲೆಯ ರಜೆಗೆ ವೈದ್ಯರ ಪ್ರಮಾಣಪತ್ರ ಬೇಕು ಎಂಬ ಕಾರಣಕ್ಕೆ ಎಷ್ಟೋ ಮಕ್ಕಳು ಪ್ರಮಾಣಪತ್ರವನ್ನೇ ತರುವುದಿಲ್ಲ. ಅದು ಮುಖ್ಯೋಪಾಧ್ಯಾಯರ ಮೇಜಿನಿಂದ ಗುಮಾಸ್ತರ ಮೇಜಿಗೆ, ಅಲ್ಲಿಂದ ಓಣಿಗೆ ಹೋಗುವ ದಾರಿ ಅವರಿಗೆ ಗೊತ್ತು. ಮಗು ತರಗತಿಗೆ ಯೋಗ್ಯ ಎಂದು ವೈದ್ಯರು ಬರೆದರೆ ಸಾಕು, ರೋಗದ ಹೆಸರು ಅದರಲ್ಲಿ ಬೇಕಿಲ್ಲ. ಪುಸ್ತಕದಲ್ಲಿ ‘ಅನಾರೋಗ್ಯ’ ಎಂಬ ಒಂದು ಮಾತು, ಪಕ್ಕದಲ್ಲಿ ಎರಡು ದಿನಾಂಕ: ರಜೆ ಶುರುವಾದದ್ದು, ಮಗು ಮರಳಿ ಬೆಂಚಿಗೆ ಬಂದದ್ದು.